ಎತ್ತಿಗೂ ಒಂದು ಸೋಮವಾರ

"ನೀನು ನಮ್ಮ ಮನೆಯ ಮಗಳಿದ್ದ ಹಾಗೆ" ಎಂದು ಯಾರಾದರೂ ಮಾತು ಶುರು ಮಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನರ್ಸ್ ಕೆಲಸಕ್ಕೆ ಸೇರಿ ತಲೆಗೂದಲು ನರೆತವು. ಆ ಮಾತಿನ ಬೆನ್ನಿಗೆ ಒಂದು ಕೆಲಸ ಬಾರದೆ ಇದ್ದದ್ದನ್ನು ನಾನು ಕಂಡಿಲ್ಲ. ಮಗಳಿದ್ದ ಹಾಗೆ, ಅದಕ್ಕೇ ಇವತ್ತು ಊಟಕ್ಕೆ ಆಮೇಲೆ ಹೋಗು. ಮಗಳಿದ್ದ ಹಾಗೆ, ಅದಕ್ಕೇ ಇನ್ನೊಂದು ಡ್ಯೂಟಿ ಮಾಡಿಬಿಡು. ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಯಾರೂ ಹಾಗೆ ದುಡಿಸುವುದಿಲ್ಲ.

ಗದಗಿನ ಒಂದು ಖಾಸಗಿ ಆಸ್ಪತ್ರೆ ನನ್ನದು. ಹೆಸರು ಬೇಡ. ಡಾಕ್ಟರು ರೋಗಿಗಳನ್ನು ನೋಡಿಕೊಳ್ಳುತ್ತಾರೆ, ಅವರ ಹೆಂಡತಿ ನಮ್ಮನ್ನು ನೋಡಿಕೊಳ್ಳುತ್ತಾರೆ. ಅವರನ್ನು ನಾವೆಲ್ಲ ಮೇಡಂ ಅನ್ನುತ್ತೇವೆ. ಯಾರಿಗೆ ಯಾವ ಡ್ಯೂಟಿ, ಯಾರಿಗೆ ಯಾವಾಗ ರಜೆ ಎಲ್ಲ ಅವರ ಬಾಯಿಮಾತಿನಲ್ಲೇ ತೀರ್ಮಾನ. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ, ಸುತ್ತಲಿನ ಹಳ್ಳಿಗಳು, ಎಲ್ಲ ಕಡೆಯಿಂದ ಮಂದಿ ಬರುತ್ತಾರೆ. ಒಬ್ಬ ರೋಗಿಯ ಹಿಂದೆ ಒಂದು ಟಂಟಂ ಆಟೋ ತುಂಬ ಬೀಗರು, ನೆಂಟರು. ಅವರಿಗೆಲ್ಲ ಸಿಟ್ಟು ಬಂದರೆ ಡಾಕ್ಟರ ಮೇಲೆ ತೋರಿಸಲು ಆಗುವುದಿಲ್ಲವಲ್ಲ, ನಮ್ಮ ಮೇಲೆ ತೋರಿಸುತ್ತಾರೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರೆ. ನಾನೋ ಬಗ್ಗಿಯೇ ಹುಟ್ಟಿದವಳು.

ಮನೆ ಬೆಟಗೇರಿಯಲ್ಲಿ. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಓಣಿಯವರು ಕಾಯುತ್ತಿರುತ್ತಿದ್ದರು. ಇಂಜೆಕ್ಷನ್ ಮಾಡು, ಬಿಪಿ ನೋಡು, ಈ ಗುಳಿಗೆ ಊಟಕ್ಕೆ ಮುಂಚೆಯೋ ಆಮೇಲೋ ಹೇಳು. ನಮ್ಮ ಕಿಟಕಿಯ ಸರಳಿಗೆ ಯಾರದಾದರೂ ಸಲಾಯಿನ್ ಬಾಟಲಿ ನೇತಾಡದ ವಾರವೇ ಇರಲಿಲ್ಲ. ಇದು ಮನೆಯೋ ದವಾಖಾನೆಯೋ ಎಂದು ನನ್ನ ಗಂಡ ಮೊದಮೊದಲು ಕೇಳುತ್ತಿದ್ದರು, ಆಮೇಲೆ ಕೇಳುವುದನ್ನೂ ಬಿಟ್ಟರು. ನನಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಪುಣ್ಯ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ಪುಣ್ಯ ಯಾವ ಬಸ್ಸಿಗೆ ಬರುತ್ತದೋ ಕಾಣೆ, ಇನ್ನೂ ಬಂದಿಲ್ಲ.

ನನ್ನ ತವರು ಸೊರಟೂರು. ಅಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳ ಜೊತೆ ಅವ್ವ ಇದ್ದಳು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಅಲ್ಲಿಂದ ಮುಂದೆ ವಾಕರ್ ಹಿಡಿದು ಮನೆಯಲ್ಲೇ ಅಡ್ಡಾಡುತ್ತಿದ್ದಳು. ಆದರೆ ತಾನೇ ಜಳಕ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಅತ್ತಿಗೆ ಕೆಟ್ಟವಳಲ್ಲ. ಅಂಗನವಾಡಿ ಕೆಲಸಕ್ಕೆ ಹೋಗುವ ಅವಸರದಲ್ಲೂ ದಿನಾ ಅತ್ತೆಯ ಮೈ ತೊಳೆದು, ಸೀರೆ ಉಡಿಸಿ, ಚಹಾ ಕೊಟ್ಟೇ ಹೋಗುತ್ತಿದ್ದಳು. ತಲೆಯನ್ನು ಮಾತ್ರ ಅವ್ವ ಅವಳಿಗೆ ಮುಟ್ಟಗೊಡುತ್ತಿರಲಿಲ್ಲ. ನೆತ್ತಿಯ ಕೂದಲು ಉದುರಿ ಬೋಳಾಗಿತ್ತು. ಸೊಸೆಯ ಮುಂದೆ ಸೆರಗು ತೆಗೆದು ತಲೆ ಬಿಚ್ಚಿ ಕೂರಲು ನಾಚಿಕೆ. ಸೋಮವಾರ ತಲೆ ಎರೆದುಕೊಂಡು, ವಿಭೂತಿ ಹಚ್ಚಿಕೊಂಡು, ಪೂಜೆ ಮಾಡಿ ಆಮೇಲೆ ಉಣ್ಣುವುದು ಅವಳ ಹಳೆಯ ನೇಮ. ಮಗಳು ಬಂದು ಎರೆಯಲಿ ಎಂದು ಹಟ ಹಿಡಿದಳು.

ಮಗಳಿಗೆ ಬರಲು ಪುರುಸೊತ್ತು ಎಲ್ಲಿ? ವಾರಕ್ಕೊಂದು ರಜೆ ಎಂಬುದು ಹೆಸರಿಗೆ ಇತ್ತು. ರಜೆಯ ದಿನ ಬೆಳಗಾದರೆ ಮೇಡಂ ಫೋನು. ಅವಳಿಗೆ ಜ್ವರವಂತೆ, ಇವಳ ಮಗುವಿಗೆ ಹುಷಾರಿಲ್ಲವಂತೆ, ನೀನೊಬ್ಬಳು ಬಂದುಬಿಡು. ಒಮ್ಮೆ ಸೊರಟೂರಿಗೆಂದು ಶಿರಹಟ್ಟಿ ಕಡೆಯ ಬಸ್ಸು ಹತ್ತಿ ಕೂತಿದ್ದೆ, ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಟಿಕೆಟನ್ನೂ ತೆಗೆದುಕೊಂಡಿದ್ದೆ. ಫೋನು ಬಂತು. ಊರು ದಾಟುವ ಮುಂಚೆ ಇಳಿದು ಆಸ್ಪತ್ರೆಗೆ ಓಡಿದೆ. ಅವತ್ತು ಅವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಹಂಡೆಗೆ ಉರಿ ಹಾಕಿಸಿ, ಮಧ್ಯಾಹ್ನ ಇಳಿಯುವ ತನಕ ಉಪವಾಸ ಕೂತಿದ್ದಳಂತೆ. ಎಷ್ಟೋ ವಾರಗಳ ಮೇಲೆ ನಾನು ಹೋಗಿ ಅವಳ ತಲೆ ಬಿಚ್ಚಿದರೆ ಉಳಿದ ಕೂದಲು ಜಡೆಗಟ್ಟಿ ಬಾಚಣಿಕೆ ಇಳಿಯಲೇ ಇಲ್ಲ. ಊರ ಮಂದಿಯ ಹುಣ್ಣು ತೊಳೆಯುವವಳ ಅವ್ವನ ತಲೆ ಹೀಗೆ. ನನಗೆ ಅಳು ತಡೆಯಲಿಲ್ಲ. ಅವ್ವ ಹೊರಳಿ ನೋಡಲಿಲ್ಲ, ಅಳಬೇಡ ಅನ್ನಲೂ ಇಲ್ಲ. ಬೆನ್ನು ಮಾಡಿಕೊಂಡೇ ಕೇಳಿದಳು.

"ನಿಮ್ಮಪ್ಪ ಎಂಥಾ ಹದಾ ಇದ್ದರೂ ಸೋಮವಾರ ಎತ್ತಿನ ಮ್ಯಾಲೆ ನೊಗಾ ಇಟ್ಟಾಂವಲ್ಲ. ಎತ್ತಿಗೂ ಒಂದು ಸೋಮವಾರ ಐತಿ. ನಿನಗಿಲ್ಲೇನ ಯವ್ವಾ?"

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅವತ್ತು ಎತ್ತು ಹೂಡುವುದಿಲ್ಲ. ಮಳೆ ಬಿದ್ದು ಹೊಲ ಹದಕ್ಕೆ ಬಂದಿರಲಿ, ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತಿರಲಿ, ಅಪ್ಪ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಟ್ಟುಬಿಡುತ್ತಿದ್ದ. ಸಾಲು ತಪ್ಪಿದರೆ ಎತ್ತಿಗೆ ಬೈಯುತ್ತಿದ್ದ ಮನುಷ್ಯ ಅವತ್ತು ಅವುಗಳ ಮುಂದೆ ದನಿ ಎತ್ತುತ್ತಿರಲಿಲ್ಲ. ಅವ್ವ ಕೇಳಿದ್ದು ಗದಗಿಗೆ ಬಂದರೂ ಕಿವಿಯಿಂದ ಹೋಗಲಿಲ್ಲ. ಎತ್ತಿಗಿಂತ ಕಡೆಯಾದೆನೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನವೇ ಮೇಡಂ ಮುಂದೆ ಹೋಗಿ ನಿಂತೆ. ಇನ್ನು ಮುಂದೆ ಸೋಮವಾರ ಬರುವುದಿಲ್ಲ, ಅವತ್ತು ಫೋನನ್ನೂ ಬಂದ್ ಇಡುತ್ತೇನೆ, ಉಳಿದ ದಿನ ನೀವು ಹೇಳಿದ ಡ್ಯೂಟಿ ಮಾಡುತ್ತೇನೆ, ಇದಕ್ಕೆ ಒಪ್ಪದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಮೇಡಂ ನನ್ನನ್ನು ಮೇಲೆ ಕೆಳಗೆ ನೋಡಿದರು.

"ಏನಾಗೇತಿ ನಿನಗ? ನಾ ನಿನ್ನ ನಮ್ಮ ಮನಿ ಮಗಳಿದ್ದಂಗ ಅಂತ ತಿಳಕೊಂಡೀನಿ."

"ಮಗಳ ಅದೀನ್ರಿ ಮೇಡಂ," ಅಂದೆ. "ನಮ್ಮವ್ವಗ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ. ಮೇಡಂ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟರು. ಆದರೆ ಪಳಗಿದ ಕೈ ಈಗ ಸಿಗುವುದು ಕಷ್ಟ, ಹೊಸ ಆಸ್ಪತ್ರೆಗಳು ಕರೆಯುತ್ತಲೇ ಇರುತ್ತವೆ, ಅದು ಅವರಿಗೂ ಗೊತ್ತು. ಸೋಮವಾರ ನನ್ನದಾಯಿತು. ಜೊತೆಗಾತಿಯರು ಮುಖ ಗಂಟು ಹಾಕಿದರು. ನಿನಗೊಬ್ಬಳಿಗೇ ಅವ್ವ ಇರುವುದೇ ಎಂದು ಒಬ್ಬಳು ಕೇಳಿಯೇಬಿಟ್ಟಳು. ಕೇಳಿದ್ದು ಖರೆ. ನಾನು ಇಳಿಸಿದ ಭಾರ ಮಾಯವಾಗಿರಲಿಲ್ಲ, ಅವಳ ಹೆಗಲಿಗೆ ಹೋಗಿ ಕೂತಿತ್ತು. ಆದರೂ ಸೋಮವಾರ ಬಿಟ್ಟುಕೊಡಲಿಲ್ಲ.

ಒಂದು ಸಲ ಇಲ್ಲ ಅಂದ ಬಾಯಿಗೆ ರುಚಿ ಹತ್ತಿತು. ಬೆಟಗೇರಿಯ ಮನೆಯಲ್ಲಿ ಕಿಟಕಿಗೆ ಬಾಟಲಿ ಕಟ್ಟುವುದನ್ನು ನಿಲ್ಲಿಸಿದೆ. ಆಸ್ಪತ್ರೆಗೆ ಬನ್ನಿ, ಮನೆಯಲ್ಲಿ ಸೂಜಿ ಹಾಕುವುದಿಲ್ಲ ಎಂದೆ. ದೊಡ್ಡ ಮನುಷ್ಯಳಾದಳು ಎಂದು ಓಣಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ, ಬಾಯಿ ಅವರದು. ನನಗೆ ನಾನೇ ಇನ್ನೊಂದು ಕಟ್ಟುಪಾಡು ಹಾಕಿಕೊಂಡೆ: ಆಸ್ಪತ್ರೆಯ ಬಟ್ಟೆ ಸೊರಟೂರಿನ ಬಸ್ಸು ಹತ್ತಬಾರದು. ಬಿಪಿ ಮಶೀನು ಬ್ಯಾಗಿನಲ್ಲಿ ಇರಬಾರದು. ಸೋಮವಾರ ಬೆಳಿಗ್ಗೆ ಸೀರೆ ಉಟ್ಟು, ಡ್ಯೂಟಿಯಲ್ಲಿ ಹಾಕಗೊಡದ ಬಳೆ ಹಾಕಿಕೊಂಡು, ಮಾರ್ಕೆಟ್ಟಿನಲ್ಲಿ ಹೂವು ಕೊಂಡು ಮುಡಿದು ಹೋಗುತ್ತಿದ್ದೆ. ಹಾಗೆ ನೋಡಿದರೆ ನಮ್ಮ ಅವ್ವ ನನ್ನನ್ನು ನರ್ಸಿನ ಬಟ್ಟೆಯಲ್ಲಿ ಎಂದೂ ಕಂಡವಳೇ ಅಲ್ಲ.

ಆ ಸೋಮವಾರಗಳು ಬಹಳ ಚೆನ್ನಾಗಿದ್ದವು. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವ್ವನನ್ನು ಕೂರಿಸಿ, ಸೀಗೆಪುಡಿ ಹಾಕಿ ತಲೆ ತಿಕ್ಕುತ್ತಿದ್ದೆ. ನೀರು ಸುಡುತ್ತದೆ ಅನ್ನುವಳು; ತಣ್ಣೀರು ಬೆರೆಸಿದರೆ ಇದೇನು ಕುಡಿಯುವ ನೀರೇ ಅನ್ನುವಳು. ಚರಿಗೆಯಿಂದ ಸ್ವಲ್ಪ ಸ್ವಲ್ಪ ಹಾಕಿದರೆ, ಸಲಾಯಿನ್ ಹಾಕಿದ ಹಾಗೆ ಹನಿ ಹನಿ ಹಾಕಬೇಡ, ಸುರಿ ಎಂದು ಕೆಣಕುವಳು. ಆಮೇಲೆ ಬಿಸಿಲಿಗೆ ಕೂರಿಸಿ ಕೂದಲು ಒಣಗಿಸುತ್ತಿದ್ದೆ. ಇದ್ದದ್ದೇ ಒಂದು ಹಿಡಿ ಕೂದಲು. ಅವಳು ಕೂತಲ್ಲೇ ತೂಕಡಿಸುವಳು, ನಾನು ಅವಳ ಪಕ್ಕ ಏನೂ ಮಾಡದೆ ಕೂತಿರುತ್ತಿದ್ದೆ. ಯಾರೂ ಕರೆಯುತ್ತಿರಲಿಲ್ಲ. ಬದುಕಿನಲ್ಲಿ ನಾನು ಹಾಗೆ ಕೂತದ್ದು ಅಷ್ಟೇ.

ಯಾರೂ ಕರೆಯುತ್ತಿರಲಿಲ್ಲ ಅಂದೆ. ಮೊದಲಿಗೆ ಹಾಗಿರಲಿಲ್ಲ. ಸೋಮವಾರ ಮಗಳು ಬರುತ್ತಾಳೆ ಎಂದು ಅವ್ವ ಹೆಮ್ಮೆಯಿಂದ ಊರಿಗೆಲ್ಲ ಸಾರಿದ್ದಳು. ನಾನು ಹೋಗುವಷ್ಟರಲ್ಲಿ ಕಟ್ಟೆಯ ಮೇಲೆ ಜನ. ಒಬ್ಬನ ಕೈಯಲ್ಲಿ ಶುಗರ್ ರಿಪೋರ್ಟು, ಒಬ್ಬಳ ಕೈಯಲ್ಲಿ ಇಂಜೆಕ್ಷನ್ ಬಾಟಲಿ, ಇನ್ನೊಬ್ಬಳು ಸುಮ್ಮನೆ ಕೈ ಮುಂದೆ ಮಾಡಿ ನಾಡಿ ನೋಡು ಅನ್ನುವವಳು. ಅವರನ್ನೆಲ್ಲ ಮುಗಿಸುವಷ್ಟರಲ್ಲಿ ಹಂಡೆಯ ನೀರು ಆರಿಹೋಗುತ್ತಿತ್ತು. ಒಂದು ದಿನ ತಲೆ ಕೆಟ್ಟು ಅವ್ವನ ಮುಂದೆ ಕೂತು ಹೇಳಿಬಿಟ್ಟೆ.

"ಯವ್ವಾ, ಸೋಮವಾರ ನಾ ನರ್ಸ್ ಅಲ್ಲ. ನಿನ್ನ ಮಗಳು, ಅಷ್ಟ."

ಅವ್ವ ನನ್ನ ಮುಖ ನೋಡಿ, ವಾಕರ್ ಹಿಡಿದು ಎದ್ದು ಒಳಗೆ ಹೋದಳು. ಬೇಜಾರಾಯಿತೇನೋ ಅಂದುಕೊಂಡೆ. ಮುಂದಿನ ಸೋಮವಾರ ಹೋದರೆ ಅವಳೇ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಂದವರಿಗೆಲ್ಲ ವಾಕರಿನ ಕಾಲು ನೆಲಕ್ಕೆ ಕುಟ್ಟಿ ಒಂದೇ ಮಾತು: "ಇವತ್ತ ಹೂಡಂಗಿಲ್ಲ. ನಾಳೆ ಗದಗಿಗೆ ಹೋಗ್ರಿ." ಕಟ್ಟೆ ಖಾಲಿಯಾಯಿತು. ನಾನು ಹೊಟ್ಟೆ ಹಿಡಿದು ನಕ್ಕೆ, ಅವಳೂ ನಕ್ಕಳು. ಸೊಂಟ ಮುರಿದ ಮುದುಕಿ ನನ್ನ ಸೋಮವಾರಕ್ಕೆ ಕಾವಲು ನಿಂತಿತು.

ಅವಳು ನನ್ನ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು ಎಂಬುದು ಆಗ ನನಗೆ ತಿಳಿಯಲಿಲ್ಲ.

ಈ ವರ್ಷ ಬಿಸಿಲು ಏರುವ ಹೊತ್ತಿಗೆ ಅವ್ವ ಸ್ವಲ್ಪ ಮಂಕಾದಳು. ನೀರು ಸುಡುತ್ತದೆ ಅನ್ನಲಿಲ್ಲ, ತಣ್ಣಗಿದೆ ಅನ್ನಲೂ ಇಲ್ಲ. ಕೇಳಿದರೆ, ಬಿಸಿಲು ಯವ್ವಾ, ಅಷ್ಟೇ, ಅನ್ನುತ್ತಿದ್ದಳು. ಬಿಸಿಲೇ ಇರಬೇಕು ಅಂದುಕೊಂಡು ತಲೆ ಎರೆದು, ಉಣಿಸಿ, ಬಸ್ಸು ಹತ್ತಿ ಬರುತ್ತಿದ್ದೆ.

ಒಂದು ಗುರುವಾರ ನಾನು ವಾರ್ಡಿನಲ್ಲಿದ್ದಾಗ ಅಣ್ಣ ಅತ್ತಿಗೆ ಅವ್ವನನ್ನು ಟಂಟಂನಲ್ಲಿ ಮಲಗಿಸಿಕೊಂಡು ನಮ್ಮ ಆಸ್ಪತ್ರೆಗೇ ಬಂದರು. ಅವ್ವನಿಗೆ ಎಚ್ಚರ ಇತ್ತು, ಆದರೆ ಎಲ್ಲಿದ್ದೇನೆ ಎಂಬ ಖಬರು ಇರಲಿಲ್ಲ. ಡಾಕ್ಟರು ನೋಡಿದರು, ರಕ್ತ ಪರೀಕ್ಷೆ ಆಯಿತು. ಮೈಯಲ್ಲಿ ಸೋಡಿಯಂ ಪೂರ್ತಿ ಇಳಿದಿದೆ, ಅದಕ್ಕೇ ಈ ಮರೆವು. ಎದೆಗೂ ನಿಮೋನಿಯಾ ಇಳಿದಿದೆ ಎಂದರು. ಇದು ಇವತ್ತಿನದಲ್ಲ, ಬಹಳ ದಿನದ್ದು ಎಂದೂ ಹೇಳಿದರು. ನಾನು ಅತ್ತಿಗೆಯನ್ನು ಹೊರಗೆ ಕರೆದುಕೊಂಡು ಹೋಗಿ, ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದೆಯಾ ಎಂದು ಕೂಗಾಡಿದೆ. ಅವಳು ಅಳುತ್ತ ಹೇಳಿದಳು.

"ಉಂಡದ್ದು ಕಾರಕೋತಿದ್ರು, ತಲಿ ತಿರಗತೈತಿ ಅಂತಿದ್ರು. ಸೋಮವಾರ ನಿಮಗ ಹೇಳೂಣಂದ್ರ ನನ್ನ ಕೈ ಹಿಡದ್ರು. ಸೋಮವಾರ ಅಕಿ ನರ್ಸ್ ಅಲ್ಲ, ಅಕಿ ಮ್ಯಾಲೆ ನೊಗಾ ಇಡಬ್ಯಾಡ ಅಂದ್ರು."

ಬೇರೆ ದಿನ ಫೋನಾದರೂ ಮಾಡಬಾರದಿತ್ತೇ ಅಂದೆ. ಅದಕ್ಕೂ ಅವ್ವ ಬಿಟ್ಟಿರಲಿಲ್ಲವಂತೆ. ನಡುವಾರ ಫೋನು ಮಾಡಿದರೆ ಡ್ಯೂಟಿ ಬಿಟ್ಟು ಓಡಿ ಬರುತ್ತಾಳೆ, ಆಮೇಲೆ ಮೇಡಂ ಅವಳ ಸೋಮವಾರ ಕಿತ್ತುಕೊಳ್ಳುತ್ತಾರೆ ಅಂದಳಂತೆ. ಊರವರನ್ನೆಲ್ಲ ಬಾಗಿಲಲ್ಲಿ ತಡೆದವಳು ತನ್ನ ರೋಗವನ್ನೂ ಅವರ ಸಾಲಿನಲ್ಲೇ ನಿಲ್ಲಿಸಿ ತಡೆದಿದ್ದಳು. ನನಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಅತ್ತಿಗೆಯ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮೇಡಂ ಹತ್ತಿರ ರಜೆ ಕೇಳಿದೆ. ಆ ವಾರ ಇಬ್ಬರು ನರ್ಸುಗಳು ಮೊದಲೇ ರಜೆಯ ಮೇಲಿದ್ದರು. ಅವ್ವನನ್ನು ನಿನ್ನ ವಾರ್ಡಿಗೇ ಹಾಕುತ್ತೇನೆ, ದಿನವಿಡೀ ಕಣ್ಣ ಮುಂದೇ ಇರುತ್ತಾಳಲ್ಲ, ರಜೆ ಏಕೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಗಾಬರಿಯಲ್ಲಿ ನನಗೂ ಅದೇ ಸರಿ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ನೀಲಿ ಬಟ್ಟೆ, ಬಾಯಿಗೆ ಮಾಸ್ಕು, ಬರಿಗೈ. ಹಂಡೆಯಷ್ಟು ಬಿಸಿನೀರು ಎಲ್ಲಿಂದ ಬರಬೇಕು. ಬೋಗುಣಿಯಲ್ಲಿ ನೀರು, ಬಟ್ಟೆ ಹಿಡಿದು ಅವ್ವನ ಮಂಚದ ಹತ್ತಿರ ಹೋದೆ. ಮೈ ಒರೆಸಿದೆ. ಸುಮ್ಮನೆ ಒರೆಸಿಕೊಂಡಳು. ಬೆವರಿಗೆ ಕೂದಲು ಅಂಟಿಕೊಂಡಿತ್ತು, ಹಣೆಯ ಮೇಲಿನ ಸೆರಗು ಸರಿಸಲು ಹೋದೆ. ಥಟ್ಟನೆ ಎರಡೂ ಕೈಯಿಂದ ಸೆರಗು ಹಿಡಿದುಕೊಂಡಳು. ನನ್ನನ್ನು ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ, ಪರರ ಮನೆಯ ಹೆಂಗಸನ್ನು ಬಾಯಾರೇ ಎಂದು ಕರೆದು ಹೇಳುವಂತೆ ಹೇಳಿದಳು.

"ತಲಿ ಬ್ಯಾಡ್ರಿ ಬಾಯಾರ. ಸೋಮವಾರ ನನ್ನ ಮಗಳು ಬರ್ತಾಳ್ರಿ. ಅಕೀನ ಎರೀತಾಳ."

ಮಾಸ್ಕು ಕಿತ್ತು ಎಸೆದೆ. ಮಂಚದ ಮೇಲೆ ಬಗ್ಗಿ, ಮುಖ ಅವಳ ಮುಖದ ಹತ್ತಿರ ಒಯ್ದು, "ಯವ್ವಾ, ನಾನ. ನಾನ ನಿನ್ನ ಮಗಳು," ಅಂದೆ.

ಅವಳ ಕಣ್ಣುಗಳು ನನ್ನ ಬಟ್ಟೆಯ ಮೇಲೆ, ಬರಿಗೈಯ ಮೇಲೆ ಓಡಾಡಿದವು. ನಾನು ಮನಸ್ಸು ನೋಯಿಸಿಕೊಂಡೆ ಎಂದು ಅವಳಿಗೆ ಅನ್ನಿಸಿರಬೇಕು. ನನ್ನ ಕೈ ಮೇಲೆ ಕೈ ಇಟ್ಟು, ಸಮಾಧಾನ ಹೇಳಿದಳು.

"ಹೌದ್ರಿ ಬಾಯಾರ. ನೀವೂ ನನ್ನ ಮಗಳಿದ್ದಂಗ."

ಬೋಗುಣಿ ಎತ್ತಿಕೊಂಡು ಹೊರಗೆ ಬಂದೆ. ಪಕ್ಕದ ಮಂಚದವರು ಸಲಾಯಿನ್ ಮುಗೀತು ಎಂದು ಕರೆದರು. ಹೋಗಿ ಬದಲಿಸಿದೆ. ನನಗೆ ಬೇರೆ ಏನೂ ತೋಚಲಿಲ್ಲ.

ಶನಿವಾರ ಮನೆಯಿಂದ ಸೀರೆ, ಬಳೆ ಚೀಲದಲ್ಲಿ ತಂದೆ. ಊಟದ ಹೊತ್ತಿಗೆ ಉಟ್ಟುಕೊಂಡು ಅವಳ ಮುಂದೆ ನಿಂತೆ. ಅಷ್ಟರಲ್ಲಿ ಉಸಿರು ಏರಿತ್ತು, ಕಣ್ಣು ತೆರೆಯುತ್ತಿರಲಿಲ್ಲ. ಅವಳ ಕೈ ತೆಗೆದುಕೊಂಡು ನನ್ನ ಬಳೆಗಳ ಮೇಲೆ ಇಟ್ಟೆ. ಬೆರಳು ಆಡಲಿಲ್ಲ. ಭಾನುವಾರ ಮಧ್ಯಾಹ್ನ ಹೋಗಿಬಿಟ್ಟಳು. ಒಂದು ದಿನ ತಾಳಿದ್ದರೆ ಸೋಮವಾರ ಇತ್ತು.

ನೆಂಟರೆಲ್ಲ ಬರಲಿ ಎಂದು ಮಣ್ಣು ಮಾಡುವುದನ್ನು ಮರುದಿನಕ್ಕೆ ಇಟ್ಟುಕೊಂಡೆವು. ಹಾಗಾಗಿ ಸೋಮವಾರ ಬೆಳಿಗ್ಗೆ ನಾನೇ ಅವಳ ತಲೆ ಎರೆದೆ. ಹಂಡೆಯ ನೀರು, ಸೀಗೆಪುಡಿ, ಎಲ್ಲ ಅದೇ. ಅಕ್ಕಪಕ್ಕದ ಹೆಂಗಸರು ಹಿಡಿದುಕೊಳ್ಳಲು ಬಂದರು. ತಲೆ ಮುಟ್ಟಬೇಡಿ ಎಂದು ಅವರನ್ನು ದೂರ ನಿಲ್ಲಿಸಿದೆ. ಆಸ್ಪತ್ರೆಯಲ್ಲಿ ಎಷ್ಟು ಹೆಣ ತೊಳೆದಿದ್ದೇನೆ, ಒಮ್ಮೆಯೂ ಕೈ ತಡವರಿಸಿದ್ದಿಲ್ಲ. ಅವತ್ತು ನೀರು ಸುಡುತ್ತದೋ ಎಂದು ಬೆರಳು ಅದ್ದಿ ಅದ್ದಿ ನೋಡುತ್ತಿದ್ದೆ.

ಮಣ್ಣು ಮುಗಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದಾಗ ಓಣಿಯ ಮುದುಕನೊಬ್ಬ ಮೆಲ್ಲಗೆ ಪಕ್ಕಕ್ಕೆ ಬಂದು ಕುಳಿತ. ಇಂಥ ಹೊತ್ತಿನಲ್ಲಿ ಕೇಳಬಾರದು ಎಂದುಕೊಳ್ಳುತ್ತಲೇ ಜೇಬಿನಿಂದ ಶುಗರ್ ರಿಪೋರ್ಟು ತೆಗೆದ. ಬಾಗಿಲ ಕಡೆ ನೋಡಿದೆ. ವಾಕರ್ ಗೋಡೆಗೆ ಒರಗಿಸಿಟ್ಟಿದ್ದರು. ರಿಪೋರ್ಟು ಓದಿ, ಗುಳಿಗೆ ಬಿಡಬೇಡ ಎಂದು ಹೇಳಿ ಕಳಿಸಿದೆ.

ಅವ್ವನ ದಿನಕರ್ಮ ಮುಗಿಸಿ ಡ್ಯೂಟಿಗೆ ಹೋದೆ. ಮೇಡಂ ಕರೆಸಿದರು. ನನ್ನ ಕೈ ಹಿಡಿದು ಅತ್ತರು, ಆ ಅಳು ಸುಳ್ಳಲ್ಲ. ಕಣ್ಣೊರೆಸಿಕೊಂಡು, ತಡೆದು ತಡೆದು ಕೇಳಿದರು.

"ಬ್ಯಾಸರ ಮಾಡಕೋಬ್ಯಾಡ. ಇನ್ನ ಸೋಮವಾರ ಊರಿಗೆ ಹೋಗೂದು ಇರೂದಿಲ್ಲಲ್ಲ, ಡ್ಯೂಟಿಗೆ ಬರ್ತೀಯೇನ?"

ಇಲ್ಲ ಅನ್ನಬಹುದಿತ್ತು. ಎತ್ತಿಗೂ ಸೋಮವಾರ ಇದೆ, ಅದಕ್ಕೆ ಅವ್ವ ಇರಬೇಕೆಂದೇನಿಲ್ಲ, ಬಿಸಿಲಿಗೆ ಸುಮ್ಮನೆ ಕೂತಿರಲಿಕ್ಕಾದರೂ ನನಗೆ ಆ ದಿನ ಬೇಕು ಅನ್ನಬಹುದಿತ್ತು. ಆದರೆ ಯಾರ ಪಕ್ಕ ಕೂರಲಿ? ನನ್ನನ್ನು ಮಗಳಿದ್ದ ಹಾಗೆ ಅನ್ನದೆ ಮಗಳೇ ಅನ್ನುತ್ತಿದ್ದವಳು ಒಬ್ಬಳು, ಅವಳೂ ಕೊನೆಗೆ ಮಗಳಿದ್ದ ಹಾಗೆ ಎಂದೇ ಹೇಳಿ ಹೋದಳು.

"ಆತ್ರಿ," ಅಂದೆ.

ಮೊದಲ ಸೋಮವಾರ ಬೆಳಿಗ್ಗೆ ಎದ್ದು ಕಪಾಟು ತೆರೆದರೆ ಕೈ ರೂಢಿಯಂತೆ ಸೀರೆ ಎಳೆಯಿತು. ಅರ್ಧ ಉಟ್ಟಮೇಲೆ ನೆನಪಾಯಿತು. ಬಿಚ್ಚಿ, ಮಡಚಿ ಒಳಗಿಟ್ಟು, ನೀಲಿ ಬಟ್ಟೆ ಹಾಕಿಕೊಂಡು ಡ್ಯೂಟಿಗೆ ಹೋದೆ.